ಆರ್‌ಟಿಐ ತಿದ್ದುಪಡಿ: ಕಡತದಲ್ಲಿ ಹೆಸರು ಮರೆಯಾದರೆ ಹೊರೆ ಬೀಳುವುದು ಯಾರ ಮೇಲೆ?

2025ರ ನವೆಂಬರ್ ಮಧ್ಯದಲ್ಲಿ ಕೇಂದ್ರ ಸರ್ಕಾರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿತು. ಅದರ ಬೆನ್ನಲ್ಲೇ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯ ಒಂದು ಕಲಂ ಬದಲಾಯಿತು. ಅಂದಿನಿಂದ ದಾವಣಗೆರೆ, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಅರ್ಜಿ ಹಾಕುವವರ ನಡುವೆ ಎರಡು ಬಗೆಯ ಮಾತು ಓಡಾಡುತ್ತಿದೆ. ಆರ್‌ಟಿಐ ಕಥೆ ಮುಗಿಯಿತು, ಇನ್ನು ಯಾರ ಹೆಸರನ್ನೂ ಕೇಳುವಂತಿಲ್ಲ ಎನ್ನುವವರಿದ್ದಾರೆ. ಏನೂ ಬದಲಾಗಿಲ್ಲ, ಸಾರ್ವಜನಿಕ ಹಿತ ಇದ್ದರೆ ಮೊದಲಿನಂತೆಯೇ ಸಿಗುತ್ತದೆ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

ಈ ಚರ್ಚೆಯಲ್ಲಿ ಒಬ್ಬ ವ್ಯಕ್ತಿಯ ಪ್ರಸ್ತಾಪವೇ ಬರುತ್ತಿಲ್ಲ. ಅವರು ಕಚೇರಿಯೊಳಗೆ ಕೂತು ಅಕ್ರಮವನ್ನು ಕಣ್ಣಾರೆ ಕಂಡ ಗುಮಾಸ್ತ, ಎಂಜಿನಿಯರ್, ಲೆಕ್ಕಪತ್ರ ಸಹಾಯಕ. ಪತ್ರಿಕೆಗಳು ವಿಷಲ್‌ಬ್ಲೋವರ್ ಎಂದು ಕರೆಯುವುದು ಇವರನ್ನೇ. ಆರ್‌ಟಿಐ ಕಿರಿದಾದಾಗ ಮೊದಲು ಅಪಾಯಕ್ಕೆ ಸಿಲುಕುವವರು ಇವರು. ಅದು ಹೇಗೆಂದು ತಿಳಿಯಬೇಕಾದರೆ ಬದಲಾದ ಸಾಲಿನಿಂದಲೇ ಶುರು ಮಾಡಬೇಕು.

ಬದಲಾದದ್ದು ಏನು

ಮಾಹಿತಿ ಹಕ್ಕು ಕಾಯ್ದೆ, 2005ರ 8ನೇ ಕಲಂ ಯಾವ ಮಾಹಿತಿಯನ್ನು ಕೊಡಬೇಕಾದ ಬಾಧ್ಯತೆ ಇಲ್ಲ ಎಂದು ಪಟ್ಟಿ ಮಾಡುತ್ತದೆ. ಅದರಲ್ಲಿ 8(1)(ಜೆ) ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು. ಹಳೆಯ 8(1)(ಜೆ) ನಿರಾಕರಣೆಗೆ ಷರತ್ತು ಹಾಕಿತ್ತು. ಕೇಳಿದ ವೈಯಕ್ತಿಕ ಮಾಹಿತಿಗೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವೇ ಇರಬಾರದು, ಇಲ್ಲವೇ ಅದನ್ನು ಕೊಟ್ಟರೆ ಆ ವ್ಯಕ್ತಿಯ ಖಾಸಗಿತನದಲ್ಲಿ ಅನಗತ್ಯವಾಗಿ ಕೈಹಾಕಿದಂತಾಗಬೇಕು. ಆಗ ಮಾತ್ರ ನಿರಾಕರಿಸಬಹುದಿತ್ತು. ಹಾಗಿದ್ದಾಗಲೂ ವಿಶಾಲ ಸಾರ್ವಜನಿಕ ಹಿತ ಕಂಡರೆ ಮಾಹಿತಿ ಅಧಿಕಾರಿಯೇ ಕೊಡಬಹುದಿತ್ತು. ಕೊನೆಗೊಂದು ಗಟ್ಟಿ ಸಾಲಿತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ಇಲ್ಲ ಎನ್ನಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ಇಲ್ಲ ಎನ್ನುವಂತಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ (ಮುಂದೆ ದತ್ತಾಂಶ ಕಾಯ್ದೆ) 44(3)ನೇ ಕಲಂ ಇವಿಷ್ಟನ್ನೂ ತೆಗೆದುಹಾಕಿತು. ಉಳಿದಿರುವುದು 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬಷ್ಟೇ ಮಾತು. ವೈಯಕ್ತಿಕ ಮಾಹಿತಿ ಎಂದರೇನು ಎಂದು ಆರ್‌ಟಿಐ ಕಾಯ್ದೆ ಎಲ್ಲೂ ಹೇಳಿಲ್ಲ. ದತ್ತಾಂಶ ಕಾಯ್ದೆಯ ಪ್ರಕಾರ ಒಬ್ಬ ವ್ಯಕ್ತಿಯನ್ನು ಗುರುತಿಸಬಹುದಾದ ಯಾವ ದತ್ತಾಂಶವೂ ವೈಯಕ್ತಿಕವೇ. ಈ ಅಳತೆಗೋಲು ಹಿಡಿದರೆ ಕಾರ್ಯಾದೇಶದ ಮೇಲಿನ ಗುತ್ತಿಗೆದಾರರ ಹೆಸರು, ಕಾಮಗಾರಿಯ ಅಳತೆ ಪುಸ್ತಕದಲ್ಲಿ ಸಹಿ ಹಾಕಿದ ಕಿರಿಯ ಎಂಜಿನಿಯರ್ ಹೆಸರು, ಫಲಾನುಭವಿಯ ಸರ್ವೆ ನಂಬರ್ ಎಲ್ಲವೂ ವೈಯಕ್ತಿಕವಾಗುತ್ತವೆ. ಸಾರ್ವಜನಿಕ ಹಣದ ಕಡತದಲ್ಲಿ ಮನುಷ್ಯರ ಹೆಸರಿಲ್ಲದ ಹಾಳೆ ಸಿಗುವುದೇ ಅಪರೂಪ.

ಜಾರಿಯ ಹೊತ್ತನ್ನೂ ಗಮನಿಸಬೇಕು. ದತ್ತಾಂಶ ಕಾಯ್ದೆಯಡಿ ಕಂಪನಿಗಳ ಮೇಲೆ ಬೀಳುವ ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿತು. ಆರ್‌ಟಿಐ ಕಲಮಿನ ಬದಲಾವಣೆ ಮಾತ್ರ ತಕ್ಷಣ ಜಾರಿಗೆ ಬಂತು. ನಾಗರಿಕರ ಖಾಸಗಿತನ ಕಾಯಲೆಂದು ಬಂದ ಕಾಯ್ದೆಯಲ್ಲಿ ಮೊದಲು ಕೆಲಸ ಶುರುಮಾಡಿದ್ದು ನಾಗರಿಕರಿಗೆ ಮಾಹಿತಿ ತಡೆಯುವ ಭಾಗ. ಇದು ಯಾವ ದೃಷ್ಟಿಯಿಂದಲೂ ಸಮರ್ಥನೀಯವಲ್ಲ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 8(1)ನೇ ಕಲಂ ಶುರುವಾಗುವುದೇ 'ಕೊಡುವ ಬಾಧ್ಯತೆ ಇರತಕ್ಕದ್ದಲ್ಲ' ಎಂಬ ಅರ್ಥದಲ್ಲಿ. ಕೊಡಬಾರದು ಎಂದು ಅದು ಹೇಳುವುದಿಲ್ಲ. 8(2)ನೇ ಕಲಂ ಹಾಗೇ ಉಳಿದಿದೆ: ಮಾಹಿತಿ ಕೊಡುವುದರಿಂದ ಆಗುವ ಸಾರ್ವಜನಿಕ ಹಿತ, ಆಗಬಹುದಾದ ಹಾನಿಗಿಂತ ಹೆಚ್ಚು ತೂಗಿದರೆ ಸಾರ್ವಜನಿಕ ಪ್ರಾಧಿಕಾರ ಅದನ್ನು ಕೊಡಬಹುದು. ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ವಿವರಗಳ 4(1)(ಬಿ) ಪಟ್ಟಿಯನ್ನೂ ಮುಟ್ಟಿಲ್ಲ. ಅದರ 12ನೇ ಅಂಶ ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರ ಪ್ರಕಟಿಸಬೇಕು ಎನ್ನುತ್ತದೆ. ಒಂದೇ ಕಾಯ್ದೆಯೊಳಗೆ ಒಂದು ಕಲಂ ಹೆಸರು ಪ್ರಕಟಿಸಿ ಎನ್ನುತ್ತದೆ, ಇನ್ನೊಂದು ಕೊಡಬೇಕಾಗಿಲ್ಲ ಎನ್ನುತ್ತದೆ. ಗೊಂದಲದ ಬೇರು ಇಲ್ಲಿದೆ.

ಹೆಸರಿಲ್ಲದೆ ಕೊಳವೆಬಾವಿ ಅಳೆಯುವುದು ಹೇಗೆ

ಹೆಸರು ಯಾಕೆ ಬೇಕು, ಒಟ್ಟು ಮೊತ್ತ ಸಿಕ್ಕರೆ ಸಾಲದೆ ಎಂದು ಕೇಳುವವರಿಗೆ ಗಂಗಾ ಕಲ್ಯಾಣ ಯೋಜನೆಯನ್ನೇ ಉದಾಹರಣೆಯಾಗಿ ಕೊಡಬಹುದು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಸಮುದಾಯಗಳ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಅಭಿವೃದ್ಧಿ ನಿಗಮಗಳ ಮೂಲಕ ಕೊಳವೆಬಾವಿ, ಪಂಪ್‌ಸೆಟ್, ವಿದ್ಯುತ್ ಸಂಪರ್ಕ ಕೊಡುವ ಯೋಜನೆ ಇದು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಒಣಭೂಮಿಯಲ್ಲಿ ಒಂದು ಬೋರ್‌ವೆಲ್ ಒಂದು ಕುಟುಂಬದ ಬದುಕನ್ನೇ ತೀರ್ಮಾನಿಸುತ್ತದೆ.

ಬಿಲ್ ಆಗುವುದು ಅಡಿ ಲೆಕ್ಕದಲ್ಲಿ. ಕೊರೆದ ಆಳಕ್ಕೆ ಇಷ್ಟು, ಮೇಲ್ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನ ಉದ್ದಕ್ಕೆ ಇಷ್ಟು, ಪಂಪು ಮತ್ತು ಪ್ಯಾನಲ್ ಬೋರ್ಡಿಗೆ ಇಷ್ಟು. ಮೋಸ ಆಗುವುದಿದ್ದರೆ ಇಲ್ಲಿಯೇ. 300 ಅಡಿ ಕೊರೆದು 600 ಅಡಿ ಎಂದು ಬರೆಯಬಹುದು. 40 ಅಡಿಗೇ ಬಂಡೆ ಸಿಕ್ಕಿದ್ದರೂ ಕೇಸಿಂಗ್ 80 ಅಡಿ ಎಂದು ತೋರಿಸಬಹುದು. ಕೊರೆಯದೇ ಕೊರೆದಂತೆ ಬಿಲ್ ಮಾಡಿಸಬಹುದು, ಹಳೆಯ ಬೋರಿನ ಫೋಟೊವನ್ನೇ ಹೊಸ ಕಡತಕ್ಕೆ ಅಂಟಿಸಬಹುದು.

ಪಂಪು ಇಳಿಸಿದ ಮೇಲೆ ಆಳ ಅಳೆಯುವುದು ಸುಲಭವಲ್ಲ. ಆದರೆ ಹೊಲದ ರೈತನಿಗೆ ಆಳ ಗೊತ್ತಿರುತ್ತದೆ. ಲಾರಿ ಬಂದ ದಿನ ರಾತ್ರಿಯಿಡೀ ಪಕ್ಕದಲ್ಲೇ ನಿಂತು ಎಷ್ಟು ರಾಡ್ ಇಳಿಯಿತು ಎಂದು ಎಣಿಸಿದವನು ಅವನೇ. ಸಾಮಾನ್ಯವಾಗಿ ಒಂದು ರಾಡ್ 20 ಅಡಿ. 15 ರಾಡ್ ಇಳಿದಿದ್ದರೆ 300 ಅಡಿ. 600 ಅಡಿ ಎಂದು ಬಿಲ್ ಇದ್ದರೆ 30 ರಾಡ್ ಇಳಿದಿರಬೇಕು. ಅವನನ್ನು ಒಂದು ಮಾತು ಕೇಳಿದರೆ ಸತ್ಯ ಹೊರಬರುತ್ತದೆ. ಬೆಸ್ಕಾಂ ಕೊಟ್ಟ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಜೊತೆ ತಾಳೆ ಹಾಕಿದರೆ ಸಂಪರ್ಕ ನಿಜವಾಗಿ ಬಂದಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಇಷ್ಟಕ್ಕೆಲ್ಲ ಬೇಕಾದದ್ದು ರೈತನ ಹೆಸರು, ಊರು, ಸರ್ವೆ ನಂಬರ್. ಅವನ್ನು ಅಳಿಸಿ 'ಹೋಬಳಿಯಲ್ಲಿ 42 ಕೊಳವೆಬಾವಿ, ಒಟ್ಟು ಆಳ ಇಷ್ಟು ಅಡಿ, ಒಟ್ಟು ವೆಚ್ಚ ಇಷ್ಟು ಲಕ್ಷ' ಎಂದು ಕೊಟ್ಟರೆ ಆ ಕಾಗದ ಹಿಡಿದು ಯಾವ ಹೊಲಕ್ಕೂ ಹೋಗಲಾಗದು. ಕಾಗದದ ಲೆಕ್ಕ ಕಾಗದದಲ್ಲೇ ಸರಿಹೋಗುತ್ತದೆ, ನೆಲದ ಲೆಕ್ಕದ ಜೊತೆ ತಾಳೆ ಆಗುವುದೇ ಇಲ್ಲ.

ಮಾಹಿತಿ ಹಕ್ಕಿನ ಹೋರಾಟ ಹುಟ್ಟಿದ್ದೂ ಹೆಸರಿನ ಪಟ್ಟಿಯಿಂದಲೇ. 1990ರ ದಶಕದಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನರ ಮುಂದೆ ಕೂಲಿ ಹಾಜರಿ ಪಟ್ಟಿಗಳನ್ನು ಓದಿಸಿತು. ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರಿಗೆ ಕೂಲಿ ಸಿಕ್ಕಿಲ್ಲ, ಯಾರು ಕೆಲಸಕ್ಕೇ ಬಂದಿಲ್ಲ ಎಂದು ಊರವರೇ ಎದ್ದು ಹೇಳಿದರು. ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡ ರಾಜ್ಯ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಡೆಯಬೇಕಾದ ಜಮಾಬಂದಿಯ ತತ್ವವೂ ಇದೇ: ಲೆಕ್ಕವನ್ನು ಊರ ಮುಂದೆ ಓದು, ಊರು ಪರೀಕ್ಷಿಸಲಿ.

ಎರಡು ವಾದಗಳ ತೂಕ

ಸರ್ಕಾರದ ವಾದಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿಗೆ ತಕ್ಕಂತೆ ಆರ್‌ಟಿಐ ಕಾಯ್ದೆಯನ್ನು ಹೊಂದಿಸಿದ್ದೇವೆ, 8(2) ಹೇಗೂ ಇದೆ, ಬೇರೆ ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾದ ವಿವರಗಳಿಗೆ ದತ್ತಾಂಶ ಕಾಯ್ದೆ ಅಡ್ಡ ಬರುವುದಿಲ್ಲ ಎಂಬುದು ಸರ್ಕಾರದ ನಿಲುವು. ಅರ್ಜಿ ಹಾಕಿ ಹಣಕ್ಕೆ ಪೀಡಿಸುವವರು, ಮಹಿಳಾ ಸಿಬ್ಬಂದಿಯ ರಜೆ, ವಿಳಾಸ, ವೈದ್ಯಕೀಯ ವಿವರ ಕೇಳಿ ಕಿರುಕುಳ ಕೊಡುವವರು ಇದ್ದಾರೆ ಎಂಬ ನೌಕರರ ದೂರೂ ಸುಳ್ಳಲ್ಲ. ಗಂಗಾ ಕಲ್ಯಾಣದ ಪಟ್ಟಿಯಲ್ಲಿ ನಿಗಮದ ಹೆಸರಿನಿಂದಲೇ ಫಲಾನುಭವಿಯ ಸಮುದಾಯ ಗೊತ್ತಾಗುತ್ತದೆ ಎಂಬುದೂ ಯೋಚಿಸಬೇಕಾದ ಸಂಗತಿ.

ಈ ಎಲ್ಲ ಆತಂಕಕ್ಕೂ ಹಳೆಯ ಕಲಮಿನಲ್ಲೇ ಉತ್ತರವಿತ್ತು ಎನ್ನುವುದು ವಿರೋಧಿಗಳ ವಾದ. ವೈದ್ಯಕೀಯ ವಿವರ, ಮನೆ ವಿಳಾಸ, ಬ್ಯಾಂಕ್ ಖಾತೆ ಸಂಖ್ಯೆ ಕೇಳಿದರೆ 'ಅನಗತ್ಯ ಹಸ್ತಕ್ಷೇಪ' ಎಂದು ಅಂದೇ ನಿರಾಕರಿಸಬಹುದಿತ್ತು. ನಿಜ ಹೇಳಬೇಕೆಂದರೆ 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ನೌಕರರ ಸೇವಾ ವಿವರ, ಆಸ್ತಿ ವಿವರ ವೈಯಕ್ತಿಕ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ತೀರ್ಪಿನ ಹೆಸರು ಬರೆದು ನಿರಾಕರಿಸುವುದು ರೂಢಿಯೇ ಆಗಿತ್ತು. ಖಾಸಗಿತನಕ್ಕೆ ರಕ್ಷಣೆ ಇರಲಿಲ್ಲ ಎನ್ನುವುದು ಹೀಗಾಗಿ ನಿಲ್ಲದ ಮಾತು.

8(2) ಇದೆಯಲ್ಲ ಎಂಬ ಸಮಾಧಾನ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಬೇರೆಯೇ ಲೆಕ್ಕ. ಹಿಂದೆ ನಿರಾಕರಿಸಬೇಕಿದ್ದರೆ ಇದು ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸಿಲ್ಲ ಎಂದು ಮಾಹಿತಿ ಅಧಿಕಾರಿ ಕಾರಣ ಬರೆಯಬೇಕಿತ್ತು. ಈಗ ಹೆಸರು ಕಂಡರೆ ಸಾಕು, ನಿರಾಕರಣೆ ಸಿದ್ಧ. 8(2)ರ ಅಧಿಕಾರ 'ಸಾರ್ವಜನಿಕ ಪ್ರಾಧಿಕಾರ'ಕ್ಕೆ ಇರುವುದರಿಂದ ಅದು ನನ್ನ ಕೈಯಲ್ಲಿಲ್ಲ ಎಂದು ಆ ಅಧಿಕಾರಿ ಜಾರಿಕೊಳ್ಳಬಹುದು. ಇದರ ಮೇಲೆ ಭಯವೂ ಸೇರುತ್ತದೆ. ಮಾಹಿತಿ ತಡೆದರೆ ದಿನಕ್ಕೆ ₹250ರಂತೆ ಹೆಚ್ಚೆಂದರೆ ₹25,000 ದಂಡ, ಅದೂ ಸಕಾರಣವಿಲ್ಲದೆ ತಡೆದರೆ ಮಾತ್ರ. ಇನ್ನೊಂದು ಕಡೆ ದತ್ತಾಂಶದ ಸುರಕ್ಷತೆಯಲ್ಲಿ ಲೋಪವಾದರೆ ಸಂಸ್ಥೆಗೆ ₹250 ಕೋಟಿವರೆಗೆ ದಂಡ ಎಂಬ ಅಂಕಿ ಎಲ್ಲರ ಕಿವಿಗೂ ಬಿದ್ದಿದೆ. ಆ ದಂಡ ಆರ್‌ಟಿಐ ಉತ್ತರಕ್ಕೆ ಉದ್ದೇಶಿಸಿದ್ದಲ್ಲ. ಆದರೂ ಕೊಟ್ಟು ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಕೊಡದೇ ಇರುವುದು ವಾಸಿ ಎಂದು ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಒಳಗಿನ ನೌಕರ ಮತ್ತು ಹೊರಗಿನ ಅರ್ಜಿ

ಅಕ್ರಮ ಬಯಲಿಗೆ ಬರುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಗೊತ್ತು. ಬಹಳಷ್ಟು ಆರ್‌ಟಿಐ ಅರ್ಜಿಗಳ ಹಿಂದೆ ಕಚೇರಿಯೊಳಗಿನ ಒಂದು ಸಣ್ಣ ಮಾತು ಇರುತ್ತದೆ. 'ಆ ವರ್ಷದ ಕೆರೆ ಹೂಳೆತ್ತಿದ ಕಡತ ಕೇಳಿ ನೋಡಿ', 'ಆ ರಸ್ತೆಯ ಎಂ.ಬಿ. (ಅಳತೆ ಪುಸ್ತಕ) ತೆಗೆಸಿ ಸಾರ್', ಅಷ್ಟೇ. ಹೇಳಿದವರು ಒಂದು ಹಾಳೆಯನ್ನೂ ಹೊರಗೆ ಒಯ್ದಿರುವುದಿಲ್ಲ. ಹೊರಗಿನವರು ₹10 ಶುಲ್ಕ ಕಟ್ಟಿ ಅರ್ಜಿ ಹಾಕುತ್ತಾರೆ, ಪುಟಕ್ಕೆ ₹2 ಕೊಟ್ಟು ದೃಢೀಕೃತ ಪ್ರತಿ ಪಡೆಯುತ್ತಾರೆ. 6(2)ನೇ ಕಲಂ ಪ್ರಕಾರ ಯಾಕೆ ಕೇಳುತ್ತಿದ್ದೀರಿ ಎಂದು ಅವರನ್ನು ಪ್ರಶ್ನಿಸುವಂತೆಯೇ ಇಲ್ಲ. ಪತ್ರಿಕೆ ಆ ಪ್ರತಿಯನ್ನು ಧೈರ್ಯವಾಗಿ ಪ್ರಕಟಿಸುತ್ತದೆ, ಏಕೆಂದರೆ ಅದರ ಮೇಲೆ ಕಚೇರಿಯದ್ದೇ ಮೊಹರು ಇರುತ್ತದೆ. ಮೊದಲು ಮಾತಾಡಿದ ಗುಮಾಸ್ತರ ಹೆಸರು ಈ ಸರಪಳಿಯಲ್ಲಿ ಎಲ್ಲೂ ಕಾಣುವುದಿಲ್ಲ.

ಆರ್‌ಟಿಐ ಕಾಯ್ದೆಯಲ್ಲಿ ವಿಷಲ್‌ಬ್ಲೋವರ್ ಎಂಬ ಮಾತೇ ಇಲ್ಲ. ಆದರೂ 20 ವರ್ಷ ಅವರಿಗೆ ಸಿಕ್ಕ ನಿಜವಾದ ಆಸರೆ ಅದೇ. ಈಗ ಆ ದಾರಿ ಹೆಸರಿನ ಹತ್ತಿರ ಬಂದು ನಿಂತರೆ, ಸತ್ಯ ಹೊರಗೆ ಬರಲು ಉಳಿಯುವ ದಾರಿ ಒಂದೇ: ಒಳಗಿನವರೇ ಕಾಗದ ಹೊರಗೆ ಕೊಡಬೇಕು. ಆಗ ಅಪಾಯದ ಸ್ವರೂಪವೇ ಬದಲಾಗುತ್ತದೆ. ಇ-ಆಫೀಸ್‌ನಲ್ಲಿ ಕಡತ ಯಾರ ಲಾಗಿನ್‌ನಿಂದ ಯಾವ ಹೊತ್ತಿಗೆ ತೆರೆಯಿತು ಎಂಬುದು ದಾಖಲಾಗುತ್ತದೆ. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ದಿನಾಂಕ, ಸ್ಥಳ ಅಡಗಿರುತ್ತವೆ. ಜೆರಾಕ್ಸ್ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಹಾಕಿದ ಗುರುತು ಯಾವ ಮೇಜಿನಿಂದ ಹೋಗಿದೆ ಎಂದು ಹೇಳಿಬಿಡುತ್ತದೆ. ನೌಕರರ ನಡತೆ ನಿಯಮದಡಿ ಇಲಾಖಾ ವಿಚಾರಣೆ, ಅಮಾನತು, ದೂರದೂರಿಗೆ ವರ್ಗ ಎಲ್ಲವೂ ಕಾದಿರುತ್ತವೆ.

ಸೋರಿಬಂದ ಕಾಗದ ಸಮಾಜಕ್ಕೂ ಅಷ್ಟೇನೂ ಒಳ್ಳೆಯದಲ್ಲ. ಮೊಹರು ಇಲ್ಲದ, ಹಿಂದುಮುಂದಿನ ಪುಟಗಳಿಲ್ಲದ ಹಾಳೆಯೊಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡಿದರೆ ಅದು ನಿಜವೋ ಯಾರದೋ ಹಗೆಯೋ ಎಂದು ತಿಳಿಯುವುದು ಕಷ್ಟ. ಜವಾಬ್ದಾರಿಯುತ ಪತ್ರಿಕೆ ಅದನ್ನು ಪಕ್ಕಕ್ಕಿಡುತ್ತದೆ, ಬೇಜವಾಬ್ದಾರಿಯವರು ಹಂಚುತ್ತಾರೆ. ಪ್ರಾಮಾಣಿಕ ಅಧಿಕಾರಿಯ ಮೇಲೆ ಸುಳ್ಳು ಆಪಾದನೆ ಬಂದಾಗ ತೊಳೆದುಕೊಳ್ಳಲು ಅವರಿಗೂ ದೃಢೀಕೃತ ದಾಖಲೆಯೇ ಬೇಕು.

ರಕ್ಷಣೆಯ ಕಾನೂನು ಇದೆ, ಜಾರಿಯಲ್ಲಿಲ್ಲ

ಸತ್ಯೇಂದ್ರ ದುಬೆ ಎಂಬ ಎಂಜಿನಿಯರ್ ಸುವರ್ಣ ಚತುಷ್ಪಥ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ದರು. ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಸಾಗಿತು. 2003ರ ನವೆಂಬರ್ 27ರಂದು ಬಿಹಾರದ ಗಯಾದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಚಿತ್ರದುರ್ಗ, ದಾವಣಗೆರೆ ಮೂಲಕ ಹಾದುಹೋಗುವ ಇಂದಿನ ರಾಷ್ಟ್ರೀಯ ಹೆದ್ದಾರಿ 48 ಅದೇ ಸುವರ್ಣ ಚತುಷ್ಪಥದ ಚೆನ್ನೈ–ಮುಂಬೈ ಭಾಗ.

ಆ ಸಾವಿನ ನಂತರ 2004ರ ಏಪ್ರಿಲ್‌ನಲ್ಲಿ ಕೇಂದ್ರ ಒಂದು ನಿರ್ಣಯ ಹೊರಡಿಸಿ, ಇಂಥ ದೂರುಗಳನ್ನು ಗುಟ್ಟಾಗಿ ಸ್ವೀಕರಿಸುವ ಕೆಲಸವನ್ನು ಕೇಂದ್ರ ಜಾಗೃತ ಆಯೋಗಕ್ಕೆ ಒಪ್ಪಿಸಿತು. ಪಿಐಡಿಪಿಐ (ಸಾರ್ವಜನಿಕ ಹಿತದ ಮಾಹಿತಿ ಮತ್ತು ಮಾಹಿತಿದಾರರ ರಕ್ಷಣೆ) ಎಂದು ಕರೆಯುವ ಈ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. ಹೆದ್ದಾರಿ, ರೈಲ್ವೆ, ರಾಷ್ಟ್ರೀಕೃತ ಬ್ಯಾಂಕ್, ಕೇಂದ್ರದ ಉದ್ದಿಮೆಗಳ ಬಗ್ಗೆ ದೂರಿದ್ದರೆ ಬಳಸಬಹುದು. ಕ್ರಮ ಮಾತ್ರ ಕಟ್ಟುನಿಟ್ಟು. ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಮೇಲೆ 'ಪಿಐಡಿಪಿಐ ಅಡಿ ದೂರು' ಎಂದು ಬರೆದು ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ಲಕೋಟೆಯ ಮೇಲೆ ಕಳಿಸಿದವರ ಹೆಸರು ಬರೆಯಬಾರದು. ಒಳಗೆ ಹೆಸರು, ವಿಳಾಸ ಇರಲೇಬೇಕು, ಅನಾಮಧೇಯ ದೂರು ತೆಗೆದುಕೊಳ್ಳುವುದಿಲ್ಲ. ಆದರೆ ದೂರಿನ ಮುಖ್ಯ ಭಾಗದಲ್ಲಿ ಗುರುತು ಸಿಗುವ ಮಾತು ಇರಬಾರದು. ಎಡವುವುದು ಇಲ್ಲೇ. 'ನಾನು ಈ ಶಾಖೆಯಲ್ಲಿ ನಗದು ವಿಭಾಗ ನೋಡುತ್ತಿದ್ದಾಗ' ಎಂದು ಒಂದು ಸಾಲು ಬರೆದರೂ ಗುಟ್ಟು ಹೋಯಿತು. ಅದೇ ದೂರಿನ ಪ್ರತಿಯನ್ನು ಬೇರೆ ನಾಲ್ಕು ಕಚೇರಿಗೆ ಕಳಿಸಿದರೂ ಅಷ್ಟೇ.

ರಾಜ್ಯ ಸರ್ಕಾರಿ ನೌಕರರಿಗೆ, ಪಂಚಾಯಿತಿ ಮತ್ತು ಪಾಲಿಕೆಯವರಿಗೆ ಇದು ಅನ್ವಯಿಸುವುದಿಲ್ಲ. ಅವರನ್ನೂ ಒಳಗೊಂಡ ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆಯನ್ನು ಸಂಸತ್ತು 2014ರಲ್ಲಿ ಅಂಗೀಕರಿಸಿತು, ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರಪತಿಯ ಅಂಕಿತವೂ ಬಿತ್ತು. ಜಾರಿಯ ದಿನಾಂಕವನ್ನು ಮಾತ್ರ ಸರ್ಕಾರ ಪ್ರಕಟಿಸಲೇ ಇಲ್ಲ. ದೂರುದಾರರ ಗುರುತು ಬಯಲು ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು ಎಂಬ ಅದರ ಕಲಂ ಪುಸ್ತಕದಲ್ಲೇ ಉಳಿದಿದೆ. 2015ರಲ್ಲಿ ಒಂದು ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಆರ್‌ಟಿಐನ 8(1)ರಲ್ಲಿ ವಿನಾಯಿತಿ ಇರುವಂಥ ಮಾಹಿತಿಯನ್ನು ದೂರಿನಲ್ಲಿ ಬಳಸುವುದಕ್ಕೇ ಅದು ತಡೆ ಹಾಕುತ್ತಿತ್ತು. ಮುಂದೆ ಅದು ಬಿದ್ದುಹೋಯಿತು. ಅದೇ ಮಾದರಿಯ ಮಸೂದೆ ಮತ್ತೆ ಬಂದರೆ, ಇಂದಿನ ವಿಸ್ತರಿಸಿದ 8(1)(ಜೆ) ಸೇರಿ, ಹೆಸರಿರುವ ಯಾವ ಕಡತವನ್ನೂ ಒಳಗಿನವರು ದೂರಿಗೆ ಲಗತ್ತಿಸಲಾಗದ ಸ್ಥಿತಿ ಬರಬಹುದು.

ರಾಜ್ಯದಲ್ಲಿ ಉಳಿಯುವುದು ಲೋಕಾಯುಕ್ತ. 2022ರ ಆಗಸ್ಟ್ 11ರಂದು ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದುಪಡಿಸಿದ ಮೇಲೆ ಲೋಕಾಯುಕ್ತ ಪೊಲೀಸರಿಗೆ ಹಳೆಯ ಅಧಿಕಾರ ಮರಳಿದೆ. ಲಂಚ ಕೇಳಿದಾಗ ಟ್ರ್ಯಾಪ್ ಮಾಡಿಸಲು ಇದು ಒಳ್ಳೆಯ ದಾರಿ. ಒಳಗಿನ ನೌಕರರಿಗೆ ಅಷ್ಟು ಸಲೀಸಲ್ಲ: ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸಮೇತ, ಸ್ವಂತ ಹೆಸರಿನಲ್ಲಿ ದೂರು ಕೊಡಬೇಕು. ತನಿಖೆಗೆ ಎತ್ತಿಕೊಂಡರೆ ದೂರಿನ ಪ್ರತಿ ಆಪಾದಿತರ ಕೈಗೂ ಹೋಗುತ್ತದೆ.

ಪತ್ರಕರ್ತರ ಬಳಿ ಏನಿದೆ

ಸುದ್ದಿಯ ಮೂಲ ಹೇಳದಿರುವ ಹಕ್ಕನ್ನು ಪತ್ರಕರ್ತರಿಗೆ ಕೊಡುವ ಕಾನೂನು ಭಾರತದಲ್ಲಿ ಇಲ್ಲ. ಭಾರತೀಯ ಪತ್ರಿಕಾ ಮಂಡಳಿ ಕಾಯ್ದೆ, 1978ರಲ್ಲಿ ಅಂಥ ಮಾತೊಂದಿದೆ, ಆದರೆ ಅದು ಮಂಡಳಿಯ ಮುಂದಿನ ವಿಚಾರಣೆಗೆ ಮಾತ್ರ. ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಮೂಲದ ರಕ್ಷಣೆಗೆ ಸಾಕ್ಷ್ಯ ಕಾಯ್ದೆಯಲ್ಲಿ ಹೊಸ ಕಲಂ ಸೇರಿಸಿ ಎಂದು ಕಾನೂನು ಆಯೋಗ 1983ರಲ್ಲೇ ಶಿಫಾರಸು ಮಾಡಿತ್ತು. 2023ರಲ್ಲಿ ಸಾಕ್ಷ್ಯ ಕಾನೂನನ್ನೇ ಹೊಸದಾಗಿ ಬರೆದಾಗಲೂ ಅದು ಸೇರಲಿಲ್ಲ.

ನ್ಯಾಯಾಲಯಗಳು ಒಂದಿಷ್ಟು ಆಸರೆ ಕೊಟ್ಟಿವೆ. 2019ರ ಏಪ್ರಿಲ್ 10ರಂದು ರಫೇಲ್ ಯುದ್ಧವಿಮಾನ ಖರೀದಿ ಪ್ರಕರಣದಲ್ಲಿ, ಪತ್ರಿಕೆಯಲ್ಲಿ ಪ್ರಕಟವಾದ ದಾಖಲೆ ಸೋರಿಬಂದದ್ದು ಎಂಬ ಕಾರಣಕ್ಕೆ ಅದನ್ನು ನೋಡದೇ ಇರಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2021ರ ಅಕ್ಟೋಬರ್‌ನಲ್ಲಿ ಪೆಗಾಸಸ್ ಗೂಢಚರ್ಯೆ ತಂತ್ರಾಂಶ ಪ್ರಕರಣದ ಆದೇಶದಲ್ಲಿ ಮೂಲದ ರಕ್ಷಣೆ ಪತ್ರಿಕಾ ಸ್ವಾತಂತ್ರ್ಯಕ್ಕೆ ಬೇಕಾದ ಮೂಲ ಷರತ್ತುಗಳಲ್ಲಿ ಒಂದು ಎಂದಿತು. ದತ್ತಾಂಶ ಕಾಯ್ದೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ದತ್ತಾಂಶ ಕಾನೂನಿಗಾಗಿ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ ರೂಪಿಸಿದ 2018ರ ಕರಡಿನಲ್ಲಿ, 2019ರ ಮಸೂದೆಯಲ್ಲಿ ಪತ್ರಿಕಾ ಕೆಲಸಕ್ಕೆ ವಿನಾಯಿತಿ ಇತ್ತು. 2023ರ ಕಾಯ್ದೆಯಲ್ಲಿ ಇಲ್ಲ. ಅಕ್ರಮ ಎಸಗಿದವರ ಹೆಸರು ಬರೆಯಲು ಅವರದೇ ಒಪ್ಪಿಗೆ ಬೇಕೇ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ನೇರ ಉತ್ತರ ಸಿಗುವುದಿಲ್ಲ. ದೊಡ್ಡ ಪತ್ರಿಕೆ ವಕೀಲರನ್ನಿಟ್ಟು ವಾದಿಸಬಹುದು. ಸರ್ಕಾರಿ ಜಾಹೀರಾತನ್ನು ನೆಚ್ಚಿಕೊಂಡ ನಾಲ್ಕು ಪುಟದ ಜಿಲ್ಲಾ ಪತ್ರಿಕೆ ಅಂಥ ನೋಟಿಸ್ ಬರುವ ಮೊದಲೇ ಸುದ್ದಿ ಕೈಬಿಡುತ್ತದೆ.

ಹಿಂಬರಹ ಕೈಗೆ ಬಂದಾಗ

'ತಾವು ಕೋರಿರುವ ಮಾಹಿತಿಯು ವೈಯಕ್ತಿಕವಾಗಿದ್ದು ಕಲಂ 8(1)(ಜೆ) ರೀತ್ಯಾ ನೀಡಲು ಅವಕಾಶವಿರುವುದಿಲ್ಲ.' ಇಂಥ ಹಿಂಬರಹ ಬಂದರೆ ಅಲ್ಲಿಗೇ ಕೈಬಿಡಬೇಕಾಗಿಲ್ಲ. ಮೊದಲು 7(8)ನೇ ಕಲಂ ನೆನಪಿಡಿ: ನಿರಾಕರಣೆಗೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಇವು ಹಿಂಬರಹದಲ್ಲಿ ಇರಲೇಬೇಕು. ಕಲಮಿನ ಸಂಖ್ಯೆ ಬರೆದುಬಿಟ್ಟರೆ ಕಾರಣ ಕೊಟ್ಟಂತಾಗುವುದಿಲ್ಲ.

ಅರ್ಜಿಯನ್ನೇ ಜಾಣತನದಿಂದ ಬರೆದರೆ ಅರ್ಧ ತೊಂದರೆ ತಪ್ಪುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರುವಂತಿಲ್ಲ. 'ಯಾಕೆ ಹೀಗಾಯಿತು' ಎಂದು ಕೇಳಬೇಡಿ, ದಾಖಲೆ ಕೇಳಿ. ಬೋರ್‌ವೆಲ್ ವಿಷಯವಾದರೆ ಹೀಗೆ ಬರೆಯಬಹುದು: '2024–25ನೇ ಸಾಲಿನಲ್ಲಿ ಇಂಥ ಹೋಬಳಿಯಲ್ಲಿ ಗಂಗಾ ಕಲ್ಯಾಣ ಯೋಜನೆಯಡಿ ಕೊರೆಸಿದ ಕೊಳವೆಬಾವಿಗಳ ಫಲಾನುಭವಿವಾರು ಪಟ್ಟಿ, ಗ್ರಾಮ, ಸರ್ವೆ ನಂಬರ್, ಕೊರೆದ ಆಳ, ಕೇಸಿಂಗ್ ಉದ್ದ, ಪಾವತಿಸಿದ ಮೊತ್ತ. ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಸಂಖ್ಯೆ ಬೇಕಿಲ್ಲ, ಅವನ್ನು ಕಲಂ 10ರಂತೆ ಮರೆಮಾಡಿ ಕೊಡಬಹುದು. ಈ ಪಟ್ಟಿ ಕಲಂ 4(1)(ಬಿ)ಯ 12ನೇ ಅಂಶದಂತೆ ಸ್ವಯಂ ಪ್ರಕಟಿಸಬೇಕಾದದ್ದು.' ಕಲಂ 10 ಕಡತದ ಕೊಡಬೇಕಾಗಿಲ್ಲದ ಭಾಗ ಮುಚ್ಚಿ ಉಳಿದದ್ದನ್ನು ಕೊಡಲು ಹೇಳುತ್ತದೆ. ಬೇಡದ್ದನ್ನು ನೀವೇ ಬಿಟ್ಟುಕೊಟ್ಟರೆ ಖಾಸಗಿತನದ ನೆಪ ಸಡಿಲವಾಗುತ್ತದೆ. ಸಾರ್ವಜನಿಕ ಹಿತ ಏನೆಂದು ಎರಡು ಸಾಲಿನಲ್ಲಿ ಬರೆದು 8(2)ನ್ನು ಅರ್ಜಿಯಲ್ಲೇ ಉಲ್ಲೇಖಿಸಿ. ಕಾರಣ ಹೇಳಬೇಕಾದ ಕಟ್ಟುಪಾಡು ಇಲ್ಲ, ಆದರೆ ಈಗ ಹೇಳುವುದೇ ಮೇಲು.

30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಪ್ರಥಮ ಮೇಲ್ಮನವಿ. ಅಲ್ಲಿ 19(5)ನ್ನು ಎತ್ತಿ ಹೇಳಿ: ನಿರಾಕರಣೆ ಸರಿ ಎಂದು ತೋರಿಸುವ ಹೊಣೆ ಮಾಹಿತಿ ಅಧಿಕಾರಿಯದು, ನಿಮ್ಮದಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದನ್ನು ಮರೆತರೆ ಈ ಯಾವ ಗಡುವನ್ನೂ ಸಾಬೀತು ಮಾಡಲಾಗದು. ಕಾಮಗಾರಿಯ ವಿಷಯವಾದರೆ 2(ಜೆ) ಕಲಮಿನಡಿ ಸ್ಥಳ ಪರಿಶೀಲನೆ, ಸಾಮಗ್ರಿಯ ದೃಢೀಕೃತ ಮಾದರಿ ಕೇಳಬಹುದು. ರಸ್ತೆಯ ಜಲ್ಲಿಗೂ ಚರಂಡಿಯ ಕಾಂಕ್ರೀಟಿಗೂ ಖಾಸಗಿತನ ಇಲ್ಲ.

ಒಳಗಿನವರು ಸುಳಿವು ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. 'ಟಿಪ್ಪಣಿ ಪುಟ 47ರ ಮೂರನೇ ಕಂಡಿಕೆ' ಎಂದು ಕೇಳಿದರೆ ಆ ಪುಟ ಗೊತ್ತಿದ್ದವರು ಯಾರೆಂದು ಕಚೇರಿ ಐದು ನಿಮಿಷದಲ್ಲಿ ಕಂಡುಹಿಡಿಯುತ್ತದೆ. ಆ ವರ್ಷದ, ಆ ತಾಲ್ಲೂಕಿನ ಅಂಥ ಎಲ್ಲ ಕಾಮಗಾರಿಗಳ ದಾಖಲೆ ಕೇಳಿ. ಪುಟ ಹೆಚ್ಚಾಗಿ ನೂರಿನ್ನೂರು ರೂಪಾಯಿ ಜಾಸ್ತಿ ಖರ್ಚಾಗಬಹುದು, ಒಬ್ಬರ ನೌಕರಿ ಉಳಿಯುತ್ತದೆ.

ಚಿತ್ರದುರ್ಗದಲ್ಲಿ ಮುಂದೆ ನೋಡಬೇಕಾದದ್ದು

ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಅಲ್ಲಿಯ ತೀರ್ಮಾನ ಬರುವವರೆಗೆ ನಿಜವಾದ ಪರೀಕ್ಷೆ ನಡೆಯುವುದು ಜಿಲ್ಲಾ ಕಚೇರಿಗಳಲ್ಲಿ. ಚಿತ್ರದುರ್ಗದಲ್ಲಿ ಅದು ಗಣಿ ನಿಧಿಯ ಸುತ್ತ ನಡೆಯುವ ಸಾಧ್ಯತೆ ಹೆಚ್ಚು.

ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅದರ ವ್ಯಾಪ್ತಿಗೆ ಬಂದ ಮೂರು ಜಿಲ್ಲೆಗಳಲ್ಲಿ ಬಳ್ಳಾರಿ, ತುಮಕೂರಿನ ಜೊತೆ ಚಿತ್ರದುರ್ಗವೂ ಇತ್ತು. ಅದಕ್ಕೂ ಮೊದಲು, 2011ರ ಜುಲೈ 27ರಂದು, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಸಲ್ಲಿಸಿದ ಲೋಕಾಯುಕ್ತ ವರದಿ ರಾಜ್ಯದ ರಾಜಕೀಯವನ್ನೇ ಅಲುಗಾಡಿಸಿತ್ತು. ವರದಿಗೆ ಆ ಬಲ ಬಂದದ್ದು ಯಾರಿಂದ ಯಾರಿಗೆ ಹಣ ಹೋಯಿತು ಎಂದು ಹೆಸರು ಹಿಡಿದು ತೋರಿಸಿದ್ದರಿಂದ. ಗಣಿಬಾಧಿತ ಪ್ರದೇಶಕ್ಕೆಂದು ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ರಾಜಧನದ ಮೇಲೆ ಹರಾಜಿನಲ್ಲಿ ಪಡೆದ ಗುತ್ತಿಗೆಯಿಂದ ಶೇ 10, ಅದಕ್ಕೂ ಹಳೆಯದರಿಂದ ಶೇ 30 ಅದಕ್ಕೆ ಬರುತ್ತದೆ. ಅದರ ಜೊತೆಗೆ ಕೋರ್ಟ್ ಆದೇಶದಿಂದ ಹುಟ್ಟಿದ ಗಣಿ ಪರಿಸರ ಪುನಶ್ಚೇತನ ನಿಗಮದ ಹಣವೂ ಇದೆ. ಶಾಲೆ, ಕುಡಿಯುವ ನೀರು, ಆಸ್ಪತ್ರೆ, ರಸ್ತೆಗೆ ಖರ್ಚಾಗಬೇಕಾದ ಹಣ ಇದು.

ಪ್ರತಿಷ್ಠಾನದ ವಾರ್ಷಿಕ ಯೋಜನೆ, ಸಭೆಯ ನಡಾವಳಿ, ಕಾಮಗಾರಿಗಳ ಪಟ್ಟಿ, ಫಲಾನುಭವಿಗಳ ಪಟ್ಟಿ ಎಲ್ಲವನ್ನೂ ಜಾಲತಾಣದಲ್ಲಿ ಹಾಕಬೇಕೆಂದು ಕೇಂದ್ರದ್ದೇ ಮಾರ್ಗಸೂಚಿ ಹೇಳುತ್ತದೆ. ಹೊಳಲ್ಕೆರೆ, ಹೊಸದುರ್ಗ ಕಡೆಯ ಗಣಿ ಧೂಳು ಕುಡಿದ ಹಳ್ಳಿಯವರು ನಮ್ಮೂರ ಹೆಸರಿನಲ್ಲಿ ಯಾರು ಎಷ್ಟು ಬಿಲ್ ಪಡೆದರು ಎಂದು ಕೇಳಿದಾಗ ಆ ಮಾರ್ಗಸೂಚಿಯಂತೆ ಪಟ್ಟಿ ಸಿಗಬೇಕು. ಬದಲಿಗೆ 8(1)(ಜೆ) ಹಿಂಬರಹ ಸಿಕ್ಕರೆ, ಗುತ್ತಿಗೆ ಸಂಸ್ಥೆಯೊಂದು ವ್ಯಕ್ತಿಯೇ ಅಲ್ಲ, ಅದಕ್ಕೆ ವೈಯಕ್ತಿಕ ಮಾಹಿತಿಯ ರಕ್ಷಣೆ ಸಲ್ಲದು ಎಂಬ ಅಂಶವನ್ನು ಮೇಲ್ಮನವಿಯಲ್ಲಿ ಮೊದಲು ಬರೆಯಬೇಕು. ತಾಲ್ಲೂಕು ಮಟ್ಟದಲ್ಲಿ ಬಹುತೇಕ ಗುತ್ತಿಗೆದಾರರು ಸ್ವಂತ ಹೆಸರಿನಲ್ಲೇ ಕೆಲಸ ಹಿಡಿಯುವುದರಿಂದ ಅವರ ವಿಷಯದಲ್ಲಿ ಈ ವಾದ ಸಾಲದು. ಅಲ್ಲಿ ಮಾಹಿತಿ ಅಧಿಕಾರಿ 11ನೇ ಕಲಮಿನಂತೆ ಐದು ದಿನದಲ್ಲಿ ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟು, ಆಕ್ಷೇಪಣೆಗೆ ಹತ್ತು ದಿನ ಬಿಟ್ಟು, 40 ದಿನದೊಳಗೆ ತೀರ್ಮಾನಿಸಲಿ ಎಂದು ಒತ್ತಾಯಿಸಬೇಕು. ಆಕ್ಷೇಪಣೆ ಬಂತು ಎಂಬಷ್ಟಕ್ಕೇ ಮಾಹಿತಿ ತಡೆಯುವಂತಿಲ್ಲ, ಅದನ್ನು ತೂಗಿ ನೋಡಿ ಲಿಖಿತವಾಗಿ ತೀರ್ಮಾನ ಹೇಳಬೇಕು.